ತಿಪ್ಪೇಶಿ ಚಿಕ್ಕಪ್ಪನ ಪಾತ್ರೆ ಟವರು

ಶುಕ್ರವಾರ ಬೆಳಿಗ್ಗೆ ನಮ್ಮ ತಿಪ್ಪೇಶಿ ಚಿಕ್ಕಪ್ಪ ಮಾಳಿಗೆಯ ಮೇಲೆ ನಿಂತು, ಬಿದಿರಿನ ಚೌಕಟ್ಟಿಗೆ ಕಟ್ಟಿದ ಕೊನೆಯ ಸ್ಟೀಲ್ ಪಾತ್ರೆಯನ್ನು ಬೆರಳಿನಿಂದ ಟಣ್ ಎನ್ನಿಸಿ, "ಇನ್ಮೇಲೆ ಈ ಮನೇಲಿ ಯಾರೂ ಹಲೋ ಹಲೋ ಅಂತ ಅರಚಂಗಿಲ್ಲ" ಎಂದು ಸಾರಿದ. ಕೆಳಗೆ ಅಂಗಳದಲ್ಲಿ ಅಪ್ಪ, ಅವ್ವ, ನಾನು ಕತ್ತೆತ್ತಿ ನಿಂತಿದ್ದೆವು. ದೊಡ್ಡ ಬೋಗುಣಿಗಳು ಹಿಂದೆ, ಡಬರಿಗಳು ನಡುವೆ, ತಟ್ಟೆಗಳು ಮುಂದೆ, ಲೋಟಗಳು ಅಂಚಿನಲ್ಲಿ. ಮದುವೆಗೆ ಬಂದ ನೆಂಟರೆಲ್ಲ ಗ್ರೂಪ್ ಫೋಟೋಗೆ ನಿಂತ ಹಾಗಿತ್ತು. ಬಿಸಿಲಿಗೆ ಅವು ಹೊಳೆದ ಹೊಳಪಿಗೆ ಬೀದಿಯಲ್ಲಿ ಹೋಗುತ್ತಿದ್ದ ಸೊಪ್ಪಿನ ಗಾಡಿಯವನು ಕಣ್ಣು ಮುಚ್ಚಿಕೊಂಡು ಬಂದು ನಮ್ಮ ಕಟ್ಟೆಗೇ ಗುದ್ದಿದ.

ಚಿಕ್ಕಪ್ಪ ಅದಕ್ಕೆ ಇಟ್ಟ ಹೆಸರು ತರಂಗಾಕರ್ಷಕ. ಅವ್ವ ಇಟ್ಟ ಹೆಸರು ಪಾತ್ರೆ ಟವರು. ಅದೇ ಉಳಿಯಿತು.

ಚಿಕ್ಕಪ್ಪ ಮೊದಲು ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ. ಟಾಕೀಸು ನಿಂತುಹೋಯಿತು, ಅವನ ತಲೆ ಮಾತ್ರ ಓಡುತ್ತಲೇ ಇದೆ. ಮದುವೆಯಾಗದೆ ನಮ್ಮ ಜೊತೆಗೇ ಉಳಿದವನು. ಹೋದ ವರ್ಷ ರೊಟ್ಟಿ ತಟ್ಟುವ ಮಿಷನ್ ಮಾಡಿದ್ದ. ಅದು ತಟ್ಟಿದ ಮೊದಲ ರೊಟ್ಟಿ ಪಕ್ಕದ ಓಣಿಯಲ್ಲಿ ಸಿಕ್ಕಿತು.

ಈ ಸಲ ಮಾತ್ರ ನಾನು ಅವನನ್ನು ಬೈಯುವ ಸ್ಥಿತಿಯಲ್ಲಿ ಇರಲಿಲ್ಲ. ನಮ್ಮ ಮನೆ ಇರುವುದು ಚಿತ್ರದುರ್ಗದ ಗುಡ್ಡದ ಬುಡದಲ್ಲಿ. ಹಿಂದೆ ಆಕಾಶ ಮುಚ್ಚುವಂಥ ಬಂಡೆ, ಮುಂದೆ ಮೂರಂತಸ್ತಿನ ಕಲ್ಯಾಣ ಮಂಟಪ. ನಡುವೆ ಸಿಕ್ಕಿಕೊಂಡ ನಮಗೆ ಗಾಳಿ ಬರುವುದೇ ಕಷ್ಟ, ಇನ್ನು ಸಿಗ್ನಲ್ ಎಲ್ಲಿಂದ ಬರಬೇಕು? ರೀಚಾರ್ಜ್ ಮಾತ್ರ ಟವರಿನ ಕೆಳಗೇ ಮನೆ ಕಟ್ಟಿಕೊಂಡವರು ಹಾಕಿಸುವಷ್ಟೇ ಹಾಕಿಸಬೇಕು. ಒಂದು ಕಡ್ಡಿ ಬರುವವರ ಹತ್ತಿರ ಒಂದು ಕಡ್ಡಿಯ ದುಡ್ಡು ತಗೊಳ್ಳಿ ಎಂದು ಕಂಪನಿಯ ಹುಡುಗಿಗೆ ಫೋನಿನಲ್ಲಿ ಕೂಗಾಡಿದೆ. ಫೋನ್ ಆಫ್ ಮಾಡಿ ಆನ್ ಮಾಡಿ ಸರ್ ಎಂದಳು. ಆಫ್ ಮಾಡಿದೆ, ಆನ್ ಮಾಡಿದೆ. ಬಂಡೆ ಅಲ್ಲೇ ಇತ್ತು.

ಇದನ್ನೂ ಸಹಿಸಿಕೊಳ್ಳಬಹುದಿತ್ತು. ಆದರೆ ನನ್ನ ಮದುವೆಯೇ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಹುಡುಗಿಯ ಹೆಸರು ಚಿತ್ರಕಲಾ, ಚಳ್ಳಕೆರೆಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಾಳೆ. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಲಾರಿ ಗ್ಯಾರೇಜಿನಲ್ಲಿ ತಗಡು ಬಡಿಯುವವನು. ಹೆಣ್ಣು ನೋಡಲು ಹೋದಾಗ ಅವರ ಮನೆಯ ಬಾಗಿಲಿಗೆ ತಲೆ ಹೊಡೆಸಿಕೊಂಡು, ಬಾಗಿಲನ್ನೇ ಬೈದೆ. ಅವಳು ನಕ್ಕಳು. ಅಲ್ಲಿಗೆ ನಮ್ಮಿಬ್ಬರ ಕಡೆಯಿಂದ ವಿಷಯ ಮುಗಿದಿತ್ತು. ಅವರ ಮನೆಯಲ್ಲಿ ಮಾತ್ರ ಸೋದರಮಾವ ಹೂಂ ಅನ್ನದೆ ಎಲೆ ಅಡಿಕೆ ಎತ್ತುವುದಿಲ್ಲ. ಆ ಮಾವ ಬೋರಣ್ಣ, ಮಸ್ಕತ್ತಿನಲ್ಲಿ ಕ್ರೇನ್ ಓಡಿಸುತ್ತಾನೆ. ಹುಡುಗನನ್ನು ಅವನ ಮನೆಯಲ್ಲೇ, ಅವನ ಮನೆಯವರ ನಡುವೆಯೇ, ಅಡುಗೆಮನೆ ಸಮೇತ ನೋಡಬೇಕು ಎಂಬುದು ಅವನ ಹಟ. ಹಾಗಾಗಿ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತು ವಿಡಿಯೋ ಕಾಲ್ ಮಾಡುವಂತಿರಲಿಲ್ಲ.

ಮನೆಯಿಂದ ಎರಡು ಸಲ ಮಾಡಿದೆವು. ಮೊದಲ ಸಲ ನಾನು ನಮಸ್ಕಾರ ಹೇಳುವಷ್ಟರಲ್ಲಿ ಬೆಕ್ಕು ಹಾಲಿಗೆ ಬಾಯಿ ಹಾಕಿತು. ಛೂ ಎಂದು ಗದರಿದೆ. ಅದೇ ಗಳಿಗೆಗೆ ಚಿತ್ರ ನಿಂತುಹೋಯಿತು. ಹಲ್ಲು ಕಡಿದು, ಕಣ್ಣು ಕೆಕ್ಕರಿಸಿ, ಕೈ ಎತ್ತಿ ನಿಂತ ನನ್ನನ್ನು ಬೋರಣ್ಣ ಮಾವ ಮಸ್ಕತ್ತಿನಲ್ಲಿ ಕೂತು ಬಹಳ ಹೊತ್ತು ನೋಡಿದನಂತೆ. ಎರಡನೇ ಸಲ ಚಿಕ್ಕಪ್ಪ ಸಿಗ್ನಲ್ ಹಿಡಿಯಲು ಹಿಂದಿನಿಂದ ತಂತಿ ತಂದು ನನ್ನ ಕಿವಿಗೆ ಚುಚ್ಚಿದ. ನಾನು ತಿರುಗಿ ಬೈದೆ. ಚಿತ್ರ ಅಲ್ಲಿಗೇ ನಿಂತಿತು. ತಿಂಗಳು ಬಿಟ್ಟು ನೋಡಿದರೂ ಈ ಹುಡುಗನ ಸಿಟ್ಟು ಇಳಿದಿಲ್ಲವಲ್ಲ ಎಂದು ಮಾವ ಚಳ್ಳಕೆರೆಗೆ ಹೇಳಿ ಕಳಿಸಿದ. ಭಾನುವಾರ ಕೊನೆಯ ಸಲ ನೋಡುತ್ತೇನೆ, ಆಗಲೂ ಹೀಗೇ ಇದ್ದರೆ ಹೊಸದುರ್ಗದ ಹುಡುಗನಿಗೆ ಮಾತು ಕೊಡುತ್ತೇನೆ ಅಂತಲೂ ಹೇಳಿದ. ನಾನು ಗ್ಯಾರೇಜಿನಲ್ಲಿದ್ದಾಗ ಚಿತ್ರಕಲಾ ಫೋನ್ ಮಾಡಿದಳು. "ನಿಮ್ಮ ಸಿಟ್ಟು ನನಗೇನು ಅಡ್ಡಿಯಿಲ್ರೀ. ಆದ್ರೆ ಮಾವನ ಮಾತು ದಾಟೋಕೆ ನನ್ ಕೈಲಿ ಆಗಲ್ಲ" ಎಂದಳು. ಆ ದಿನ ನಾನು ಬಡಿದ ತಗಡು ಲಾರಿಗೆ ಹಾಕುವ ಹಾಗೇ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಚಿಕ್ಕಪ್ಪ ಟವರು ಕಟ್ಟಿದ್ದ. ಮಾಳಿಗೆಯಿಂದ ಬೆಳಕಿಂಡಿಯ ಮೂಲಕ ಒಂದು ತಂತಿ ಹಜಾರಕ್ಕೆ ಇಳಿದು, ಅಲ್ಲಿದ್ದ ಹಿತ್ತಾಳೆ ಕೊಳಗಕ್ಕೆ ಸುತ್ತಿಕೊಂಡಿತ್ತು. ಕೊಳಗದ ಬಾಯಿಗೆ ಫೋನು ಒರಗಿಸಿಡಬೇಕು, ಅಷ್ಟೇ. ಅಪ್ಪ ಅನುಮಾನದಿಂದಲೇ ತನ್ನ ಫೋನು ಇಟ್ಟ. ಕಡ್ಡಿಗಳು ದಡದಡನೆ ಎದ್ದು ನಿಂತವು. ಒಂದು ವಾರದಿಂದ ಗಿರಗಿರ ತಿರುಗುತ್ತಾ ಕೂತಿದ್ದ ಹರಿಕಥೆಯ ವಿಡಿಯೋ ಎಷ್ಟು ಜೋರಾಗಿ ಬಂತೆಂದರೆ, ಮೊದಲು ಮಂಗಳಾರತಿ ಆಗಿಹೋಗಿ ಆಮೇಲೆ ಗಣಪತಿ ಸ್ತುತಿ ಶುರುವಾಯಿತು. ಅಪ್ಪ ಕೈ ಮುಗಿದ, ಯಾವುದಕ್ಕೆ ಅಂತ ಗೊತ್ತಾಗಲಿಲ್ಲ. ನಾನು ಚಿಕ್ಕಪ್ಪನನ್ನು ತಬ್ಬಿಕೊಂಡೆ. ಹುಟ್ಟಿದಾಗಿನಿಂದ ಅವನಿಗೆ ನಾನು ಮಾಡಿದ ಮೊದಲ ಮರ್ಯಾದೆ ಅದು.

ಒಂದೇ ಒಂದು ಸಂಗತಿಯನ್ನು ಯಾರೂ ಗಮನಿಸಿರಲಿಲ್ಲ. ದಿನ ಬಳಸುವ ಪಾತ್ರೆ ಮುಟ್ಟಿದರೆ ಕೈ ಮುರೀತೀನಿ ಎಂದು ಅವ್ವ ಮೊದಲೇ ಹೇಳಿದ್ದರಿಂದ ಚಿಕ್ಕಪ್ಪ ಅಟ್ಟದ ಮೇಲಿನವನ್ನು ಇಳಿಸಿದ್ದ. ಅಟ್ಟದ ಪಾತ್ರೆ ಅಂದರೆ ಗೊತ್ತಲ್ಲ, ಮದುವೆ, ಗೃಹಪ್ರವೇಶ, ಮಗುವಿನ ತೊಟ್ಟಿಲು ಎಂದು ಜನ ಕೊಟ್ಟವು. ಪ್ರತಿಯೊಂದರ ಮೇಲೂ ಕೊಟ್ಟವರ ಹೆಸರು ಅಂಗಡಿಯಲ್ಲೇ ಮಿಷನ್ನಿನಿಂದ ಕೊರೆಸಿರುತ್ತದೆ. ಅವುಗಳ ನಡುವೆ ನಮ್ಮವಲ್ಲದವೂ ಇರುತ್ತವೆ. ಯಾರೋ ಪಾಯಸ ಹಾಕಿ ಕಳಿಸಿದ್ದು, ದೇವರ ಕಾರ್ಯದಲ್ಲಿ ಬೆರೆತುಹೋದದ್ದು, ವಾಪಸ್ ಕೊಡೋಣ ಎಂದು ಎತ್ತಿಟ್ಟು ಮರೆತದ್ದು. ಯಾರ ಮನೆಯ ಅಟ್ಟವೂ ಪೂರಾ ಅವರದಲ್ಲ.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯ ಚಂಪಕ್ಕ ಬಂದರು. ಅವರ ಫೋನಿನಲ್ಲಿದ್ದ ಒಂದು ಕಡ್ಡಿಯೂ ಬೆಳಿಗ್ಗೆಯಿಂದ ಸತ್ತುಹೋಗಿದೆಯಂತೆ. ನಮ್ಮ ಹಜಾರಕ್ಕೆ ಕಾಲಿಟ್ಟಿದ್ದೇ ತಡ, ಅದು ಜೀವ ಬಂದು ಕುಣಿಯಿತು. ಚಂಪಕ್ಕ ಫೋನು ನೋಡಿದರು, ಕೊಳಗ ನೋಡಿದರು, ತಂತಿ ಹಿಡಿದು ಮೇಲೆ ನೋಡಿದರು. ಮಂಡಿ ನೋವಿನ ಹೆಂಗಸು ಏಣಿಯನ್ನು ಹೇಗೆ ಹತ್ತಿದರೋ, ನಾವು ನೋಡುವಷ್ಟರಲ್ಲಿ ಮಾಳಿಗೆಯ ಮೇಲಿದ್ದರು. ಎರಡನೇ ಸಾಲಿನ ಡಬರಿಯ ಮೇಲೆ ಅವರದೇ ಹೆಸರಿತ್ತು.

"ಕೆಂಚಮ್ಮ, ಈ ಡಬರಿ ನಿನ್ನತ್ರ ಐತಾ ಅಂತ ಕೇಳಿದ್ದಕ್ಕೆ ಇಲ್ಲ ಅಂದಿದ್ದೆಯಲ್ಲೇ."

"ನನ್ನತ್ರ ಎಲ್ಲಿತ್ತು ಚಂಪಕ್ಕ, ಅಟ್ಟದ ಮೇಲಿತ್ತು" ಎಂದಳು ಅವ್ವ.

ಚಂಪಕ್ಕ ಡಬರಿ ಬಿಚ್ಚಿದರು. ನಮ್ಮ ಸಿಗ್ನಲ್ ಕುಸಿಯಿತು, ಅವರ ಮನೆಯಲ್ಲಿದ್ದ ಇನ್ನೊಂದು ಫೋನ್ ರಿಂಗಾಯಿತು. ಚಿಕ್ಕಪ್ಪ ಮತ್ತೆ ಕಟ್ಟಿದ. ನಮ್ಮದು ಎದ್ದಿತು, ಅವರದು ಸತ್ತಿತು. ಚಿಕ್ಕಪ್ಪನಿಗೆ ಆಗ ತನ್ನ ಯಂತ್ರದ ಗುಟ್ಟು ತನಗೇ ಹೊಳೆಯಿತು. ಪಾತ್ರೆ ಅಂಗಡಿಯಲ್ಲಿ ನಾವು ಬಾಯಿಬಿಟ್ಟು ಹೆಸರು ಹೇಳುತ್ತೇವೆ, ಅಂಗಡಿಯವನು ಆಗಲೇ ಕೊರೆಯುತ್ತಾನೆ. ಗ್ರಾಮಾಫೋನ್ ತಟ್ಟೆಯಲ್ಲಿ ಹಾಡು ಕೂರುವ ಹಾಗೆ ಆ ಗೀರಿನಲ್ಲಿ ಕೊಟ್ಟವರ ದನಿ ಕೂತುಬಿಡುತ್ತದೆ. ಆಮೇಲೆ ಆ ಪಾತ್ರೆ ಎಲ್ಲೇ ಇರಲಿ, ಅವರ ಪಾಲಿನ ಸಿಗ್ನಲ್ಲನ್ನು ತನ್ನ ಕಡೆಗೆ ಎಳೆಯುತ್ತದೆ. ಒಟ್ಟಿನಲ್ಲಿ ನಾವು ಊರವರ ಸಿಗ್ನಲ್ ಕದಿಯುತ್ತಿದ್ದೇವೆ ಎಂದು ಅಪ್ಪ ಸಾರಾಂಶ ಹೇಳಿದ. ಕದಿಯುವುದಲ್ಲ, ಅವರು ಕೊಟ್ಟ ಉಡುಗೊರೆಯನ್ನು ಪೂರ್ತಿ ಬಳಸುತ್ತಿದ್ದೇವೆ ಎಂದು ಚಿಕ್ಕಪ್ಪ ತಿದ್ದಿದ.

ಸಂಜೆಯೊಳಗೆ ಓಣಿಯ ಏಳೆಂಟು ಮನೆಯವರು ಸತ್ತ ಫೋನು ಹಿಡಿದು ಬಂದರು. ಎಲ್ಲರ ಹೆಸರೂ ಮಾಳಿಗೆಯ ಮೇಲಿತ್ತು. ಜಗಳ ಶುರುವಾಗುವ ಮೊದಲೇ ನಾನು ಕಟ್ಟೆಯ ಮೇಲೆ ನಿಂತು, ಭಾನುವಾರದ ತನಕ ಪಾತ್ರೆ ಬಿಡಿ, ನನ್ನ ಬಾಳಿನ ಪ್ರಶ್ನೆ, ಎಂದು ಬೇಡಿಕೊಂಡೆ. ನಾನು ಬೇಡಿಕೊಂಡದ್ದನ್ನು ಅವರು ಯಾವತ್ತೂ ನೋಡಿರಲಿಲ್ಲ. ಅದಕ್ಕೇ ಹೆದರಿ ಒಪ್ಪಿದರು. ಆದರೆ ಅಲ್ಲಿಯವರೆಗೆ ಫೋನು ನೋಡಲು ಇಲ್ಲಿಗೇ ಬರುತ್ತೇವೆ ಎಂದು ಷರತ್ತು ಹಾಕಿದರು. ಹೀಗೆ ನಮ್ಮ ಹಜಾರ ತುಂಬಿತು. ಒಬ್ಬರು ಸೀರಿಯಲ್ಲು, ಒಬ್ಬರು ಚಿನ್ನದ ರೇಟು, ಒಬ್ಬರು ಮೊಮ್ಮಗನ ಮುಖ. ಅವ್ವ ಚಹಾ ಕಾಯಿಸಿ ಕಾಯಿಸಿ ಸುಸ್ತಾದಳು ಎಂದುಕೊಂಡರೆ, ಇಷ್ಟು ಜನ ನಮ್ಮ ಮನೆಗೆ ಬಂದು ಎಷ್ಟು ಕಾಲ ಆಗಿತ್ತು ಎಂದು ಖುಷಿಯಾಗಿ ಚುರುಮುರಿ ಕಲಸಲು ಕೂತಳು.

ಶನಿವಾರ ಚಿಕ್ಕಪ್ಪನಿಗೆ ಇದ್ದದ್ದು ಸಾಲದೆನಿಸಿತು. ಮಸ್ಕತ್ತು ದೂರ ಎಂದು, ಟಾಕೀಸಿನಿಂದ ತಂದಿಟ್ಟಿದ್ದ ಹಳೆಯ ಆಂಪ್ಲಿಫೈಯರನ್ನು ಟವರಿನ ಬುಡಕ್ಕೆ ಜೋಡಿಸಿದ. ಅವ್ವ ಆಗ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಹಿಂದಿನ ಸಾಲಿನ ದೊಡ್ಡ ಬೋಗುಣಿ ಗಂಟಲು ಸರಿಮಾಡಿಕೊಂಡು, ಹಾಲಿಗೆ ಇಷ್ಟು ನೀರು ಹಾಕಿದರೆ ಹೆಂಗಪ್ಪ ಎಂದಿತು. ಅದು ಹಿರಿಯೂರಿನಲ್ಲಿರುವ ಮಾಳಮ್ಮ ದೊಡ್ಡಮ್ಮನ ದನಿ, ಅಂದರೆ ಅವ್ವನ ಸ್ವಂತ ಅಕ್ಕ. ಬೋಗುಣಿ ಅವಳು ಕೊಟ್ಟದ್ದೇ. ಅವ್ವ ಬೆಚ್ಚಿಬಿದ್ದು ಕೂಗುತ್ತಾಳೆ ಎಂದುಕೊಂಡೆ. ಅವಳು ಮೆಲ್ಲಗೆ ಮೊರ ಕೆಳಗಿಟ್ಟು, ಬೋಗುಣಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಅಕ್ಕನ ಮನೆಯ ಹಾಲಿನವನು, ಸೊಸೆ, ಸೊಸೆಯ ತವರು, ಒಂದೊಂದಾಗಿ ಎಲ್ಲ ಕೇಳಿಸಿಕೊಂಡಳು. ಮೆಣಸಿನಕಾಯಿಗಳು ಒಂದು ಮಗ್ಗುಲು ಕಪ್ಪಾದವು.

ಆಮೇಲೆ ಬೋಗುಣಿ ನಮ್ಮ ವಿಷಯಕ್ಕೆ ಬಂತು. "ಕೆಂಚಿ ಮಗ ಪಾಲಾಕ್ಷಂಗೆ ಯಾರು ಹೆಣ್ಣು ಕೊಡ್ತಾರೆ ಹೇಳು. ಮಾತಾಡಿಸಿದ್ರೆ ಮೈಮೇಲೆ ಬರ್ತಾನೆ" ಎಂದಿತು.

ಅವ್ವ ಬೋಗುಣಿಯೊಳಕ್ಕೆ ತಲೆ ಹಾಕಿದಳು. "ನಿನ್ನ ಮಗನ ಮದುವೇಲಿ ಹುಳಿ ಬಡಿಸಿ ಬಡಿಸಿ ಕೈ ಸುಟ್ಕಂಡಿದ್ದು ಇದೇ ಪಾಲಾಕ್ಷ ಕಣೇ!"

ಬೋಗುಣಿ ಟಣ್ ಎಂದು ಅದುರಿತು. "ಕೆಂಚೀ, ಎಲ್ಲಿದೀಯೇ ನೀನು?" ಎಂದು ಹೆದರಿದ ದನಿಯಲ್ಲಿ ಕೇಳಿತು. ಯಂತ್ರ ಎರಡೂ ಕಡೆ ನಡೆಯುತ್ತದೆ ಎಂದು ನಮಗೆ ತಿಳಿದದ್ದು ಆಗಲೇ. ಅಕ್ಕತಂಗಿ ಹೊತ್ತು ಮುಳುಗುವವರೆಗೆ ಜಗಳವಾಡಿದರು, ಅತ್ತರು, ಕೊನೆಗೆ ನಿಂಬೆ ಉಪ್ಪಿನಕಾಯಿಗೆ ಎಷ್ಟು ಮೆಂತ್ಯ ಹಾಕಬೇಕು ಎಂಬಲ್ಲಿಗೆ ತಲುಪಿದರು. ಅಕ್ಕ ಚೆನ್ನಾಗಿದ್ದಾಳೆ ಎಂದು ಅವ್ವ ನಗುತ್ತಾ ಕೆಳಗಿಳಿದಳು.

ನನಗೆ ನಗು ಬರಲಿಲ್ಲ. ನಾಳೆ ಬೋರಣ್ಣ ಮಾವ ಕಾಲ್ ಮಾಡಿದಾಗ ಬೋಗುಣಿಗಳು ಬಾಯಿ ಹಾಕಿದರೆ ಏನು ಗತಿ? ಆಂಪ್ಲಿಫೈಯರ್ ತೆಗೆ ಎಂದೆ. ತೆಗೆದರೆ ಮಸ್ಕತ್ತು ಮುಟ್ಟುವುದಿಲ್ಲ ಎಂದ ಚಿಕ್ಕಪ್ಪ. ತೆಗೆದರೆ ಚಿತ್ರ ನಿಲ್ಲುತ್ತದೆ, ಇಟ್ಟರೆ ಬಾಯಿ ನಿಲ್ಲುವುದಿಲ್ಲ. ನೆಂಟರನ್ನು ಸುಮ್ಮನಿರಿಸುವ ಜವಾಬ್ದಾರಿ ಅವ್ವ ಹೊತ್ತಳು. ಒಂದೊಂದು ಪಾತ್ರೆಯ ಮುಂದೆಯೂ ಕೂತು, ನಾಳೆ ಸಂಜೆ ಕೆಮ್ಮಬೇಡಿ ಕೂಡ ಎಂದು ಬೇಡಿಕೊಂಡು ಬಂದಳು. ನಾನು ಏನೇ ಆದರೂ ಸಿಟ್ಟಾಗುವುದಿಲ್ಲ ಎಂದು ತಗಡು ಬಡಿಯುವ ಸುತ್ತಿಗೆಯ ಮೇಲೆ ಆಣೆ ಮಾಡಿಕೊಂಡೆ.

ಭಾನುವಾರ ಬಂತು. ಇಸ್ತ್ರಿ ಮಾಡಿದ ಅಂಗಿ ಹಾಕಿ, ತಲೆಗೆ ಎಣ್ಣೆ ಬಳಿದು, ಕೊಳಗದ ಮುಂದೆ ಕೂತೆ. ಬೋರಣ್ಣ ಮಾವ ಬಂದ. ಅವನ ಮೀಸೆಯ ಒಂದೊಂದು ಕೂದಲೂ ಬೇರೆಬೇರೆಯಾಗಿ ಕಾಣುತ್ತಿತ್ತು. ಹಣೆಯ ಬೆವರು ಒರೆಸಿದರೆ ನಮ್ಮ ಹಜಾರಕ್ಕೇ ಸಿಡಿಯುತ್ತದೇನೋ ಅನ್ನುವಷ್ಟು ಹತ್ತಿರ. ನಾನು ನಗುತ್ತಾ ನಮಸ್ಕಾರ ಮಾಡಿದೆ. ಅವನೂ ನಕ್ಕ. ಮನೆ ತೋರಿಸಪ್ಪ ಎಂದ. ನಾನು ಫೋನನ್ನು ಅಡುಗೆಮನೆಯ ಕಡೆ ತಿರುಗಿಸಿದೆ. ಅಲ್ಲಿ ಚಂಪಕ್ಕನೂ ಓಣಿಯ ಹೆಂಗಸರೂ ಒಲೆಯ ಸುತ್ತ ಸಾಲಾಗಿ ಕೂತು ಸದ್ದಿಲ್ಲದೆ ಫೋನು ನೋಡುತ್ತಿದ್ದರು. ಇವರೆಲ್ಲ ಯಾರು ಎಂದ ಮಾವ. ಸಿಗ್ನಲ್ ಕೊಟ್ಟವರು ಎಂದ ಚಿಕ್ಕಪ್ಪ.

ಅಷ್ಟರಲ್ಲಿ ಮಾಳಮ್ಮ ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. ಹುಡುಗ ಅಪ್ಪಟ ಬಂಗಾರ, ಕಣ್ಣು ಮುಚ್ಚಿಕೊಂಡು ಕೊಡಿ ಎಂದು ತಂತಿಯಲ್ಲಿ ಇಳಿದು ಬಂದು ಕೊಳಗದೊಳಗಿಂದ ಹೇಳಿದಳು. ಒಳ್ಳೆಯದಕ್ಕೇ ಹೇಳಿದಳು. ಆದರೆ ಜಗಳೂರಿನ ಅತ್ತೆ ಕೊಟ್ಟಿದ್ದ ಲೋಟ ಕೂಡಲೇ, ನಿನ್ನೆ ನೀನು ಹೀಗೆ ಹೇಳಲಿಲ್ಲವಲ್ಲ ಎಂದಿತು. ಅವಳ ಲೋಟ ನಿನ್ನೆ ಪಕ್ಕದಲ್ಲೇ ಇದ್ದು ಎಲ್ಲ ಕೇಳಿಸಿಕೊಂಡಿತ್ತು. ದೊಡ್ಡಮ್ಮ, ಲೋಟ ಕೊಟ್ಟವಳಿಗೆ ಇಷ್ಟು ಬಾಯಿಯೇ ಎಂದಳು. ಲೋಟ, ನಿನ್ನ ಬೋಗುಣಿಗೆ ಮುಚ್ಚಳ ಎಲ್ಲಿ ಎಂದಿತು. ಯಾವ ಮದುವೆಯಲ್ಲಿ ಯಾವ ಮುಚ್ಚಳ ಯಾರು ಎತ್ತಿಕೊಂಡು ಹೋದರು ಎಂದು ತಟ್ಟೆಗಳೆಲ್ಲ ಸಾಕ್ಷಿ ಹೇಳತೊಡಗಿದವು. ಬೋರಣ್ಣ ಮಾವ ಟೆನಿಸ್ ನೋಡುವವನ ಹಾಗೆ ಕತ್ತು ಆ ಕಡೆ ಈ ಕಡೆ ತಿರುಗಿಸುತ್ತಿದ್ದ. ನಾನು ತುಟಿ ಕಚ್ಚಿಕೊಂಡೆ. ಕಿವಿ ಸುಡುತ್ತಿತ್ತು. ಸುತ್ತಿಗೆಯನ್ನು ನೆನೆದೆ. ಆಗ ಚಿಕ್ಕಪ್ಪ ನನ್ನನ್ನು ಮೊಣಕೈಯಿಂದ ಬದಿಗೆ ತಳ್ಳಿ, ಫೋನಿಗೆ ಮುಖ ಒಡ್ಡಿ, "ಬೋರಣ್ಣ, ಇದರ ಹಿಂದೆ ಒಂದು ವಿಜ್ಞಾನ ಐತೆ, ಗ್ರಾಮಾಫೋನ್ ಗೊತ್ತಲ್ಲ..." ಎಂದು ಶುರುಮಾಡಿದ.

"ಎಲ್ಲರೂ ಬಾಯಿ ಮುಚ್ರಿ!"

ಅದು ನಾನೇ. ಆಮೇಲೆ ನಿಲ್ಲಿಸಲು ಆಗಲಿಲ್ಲ. ಬೋಗುಣಿಯನ್ನು ಬೈದೆ, ಲೋಟವನ್ನು ಬೈದೆ, ಮುಚ್ಚಳ ಕದ್ದವರನ್ನು ಬೈದೆ. ಬಂಡೆಯನ್ನು, ಮಂಟಪ ಕಟ್ಟಿದವನನ್ನು, ಆಫ್ ಮಾಡಿ ಆನ್ ಮಾಡಿ ಅನ್ನುವ ಕಂಪನಿಯನ್ನು, ಎಲ್ಲ ಬಿಟ್ಟು ಪಾತ್ರೆಯಲ್ಲಿ ಟವರು ಕಟ್ಟಿದ ಚಿಕ್ಕಪ್ಪನನ್ನು ಬೈದೆ. ಬೈಯುತ್ತಾ ತಿರುಗಿದರೆ ಚಿಕ್ಕಪ್ಪ ತಂತಿಯ ತುದಿ ಹಿಡಿದುಕೊಂಡು ಗೋಡೆಗೆ ಒರಗಿದ್ದ. ಕಣ್ಣು ಕೆಳಗೆ ಹಾಕಿದ್ದ. ಮೂರು ದಿನದಿಂದ ಮಾಳಿಗೆಯ ಬಿಸಿಲಿನಲ್ಲಿ ನಿಂತು ಮೂಗಿನ ಚರ್ಮ ಸುಲಿದಿತ್ತು. ನನ್ನ ಬೈಗುಳ ಅಲ್ಲಿಗೇ ನಿಂತಿತು.

"ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ ಇಲ್ವಾ?" ಎಂದೆ.

ಇಲ್ಲ ಎಂದು ತಲೆಯಾಡಿಸಿದ. ನನಗೆಂದು ಇಟ್ಟಿದ್ದ ಚಹಾ ಮತ್ತು ಚುರುಮುರಿ ಅವನ ಕೈಗೆ ಕೊಟ್ಟು ಕೂರಿಸಿದೆ. ಮೂಗಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚು ಎಂದು ಅವ್ವನಿಗೆ ಹೇಳಿದೆ. ಆಮೇಲೆ ನೆನಪಾಯಿತು, ಫೋನು ಚಾಲೂ ಇದೆ. ಬೋರಣ್ಣ ಮಾವ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಚಿತ್ರ ನಿಂತುಹೋಗಿದೆಯೇನೋ ಎಂದು ಆಸೆಯಾಯಿತು. ಇಲ್ಲ, ಅವನ ಮೀಸೆ ಅಲ್ಲಾಡುತ್ತಿತ್ತು. ಚಿತ್ರಕಲಾ ಹೊಸದುರ್ಗಕ್ಕೆ ಹೋಗುವ ಬಸ್ಸು ನನ್ನ ಕಣ್ಣಿಗೆ ಕಟ್ಟಿತು.

"ಮುಗೀತಾ?" ಎಂದ ಮಾವ.

"ಮುಗೀತು ಮಾವ."

"ಇನ್ನೂ ಐತಾ?"

"ಇಲ್ಲ, ಅಷ್ಟೇ."

ಬೋರಣ್ಣ ಮಾವ ಕುರ್ಚಿಗೆ ಒರಗಿ ನಗತೊಡಗಿದ. "ಅಲ್ಲಪ್ಪಾ, ಎರಡು ಸಲ ನೋಡ್ದಾಗ್ಲೂ ನಿನ್ನ ಸಿಟ್ಟು ಹತ್ತಿದ್ದು ಇಳೀಲೇ ಇಲ್ಲ. ಇವತ್ತು ಪೂರ್ತಿ ನೋಡ್ದೆ. ಹತ್ತಿ ಇಳಿಯೋಕೆ ನನ್ ಕ್ರೇನಿಗೂ ಇದಕ್ಕಿಂತ ಜಾಸ್ತಿ ಹೊತ್ತು ಬೇಕು. ನಮ್ಮ ಹುಡುಗೀಗೆ ಹೇಳ್ತೀನಿ, ಎಲೆ ಅಡಿಕೆ ತರ್ಸಲಿ" ಎಂದ.

ಕೊಳಗದೊಳಗಿಂದ ಹಿರಿಯೂರು, ಜಗಳೂರು ಎಲ್ಲ ಒಟ್ಟಿಗೆ ಕೇಕೆ ಹಾಕಿದವು. ಮಾಳಿಗೆಯ ಮೇಲೆ ಪಾತ್ರೆಗಳು ತಾವಾಗಿ ಝಣಝಣ ಬಡಿದುಕೊಂಡವು. ಚಂಪಕ್ಕ ಅಡುಗೆಮನೆಯಿಂದ ಎದ್ದು ಬಂದು ನನ್ನ ಬಾಯಿಗೆ ಸಕ್ಕರೆ ಹಾಕಿದರು. ಸಕ್ಕರೆ ನಮ್ಮದೇ. ಚಿಕ್ಕಪ್ಪ ಚುರುಮುರಿ ಅಗಿಯುತ್ತಾ, ಎಲ್ಲಾ ಸ್ಪೀಡಿನ ಮಹಿಮೆ ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಗೆದ್ದ ಗರ್ವದಲ್ಲಿ ಚಿಕ್ಕಪ್ಪ ಬಚ್ಚಲುಮನೆಗೆ ನುಗ್ಗಿ, ನೀರು ಕಾಯಿಸುವ ತಾಮ್ರದ ಹಂಡೆಯನ್ನು ಕಿತ್ತು ಮಾಳಿಗೆಗೆ ಹೊತ್ತ. ಇದನ್ನು ನೆತ್ತಿಗೆ ಇಟ್ಟರೆ ಅಮೇರಿಕಾವೂ ಸಿಗುತ್ತದೆ ಎಂದ. ಹಂಡೆಯ ಕುತ್ತಿಗೆಯ ಮೇಲೆ ಅದನ್ನು ಮಾಡಿಸಿದವನ ಹೆಸರಿತ್ತು. ಅದು ನಮ್ಮ ಅಜ್ಜನದು. ಅಜ್ಜ ಸತ್ತಾಗ ನಾನಿನ್ನೂ ಚಡ್ಡಿ ಹಾಕುತ್ತಿದ್ದೆ.

ಚಿಕ್ಕಪ್ಪ ತಂತಿ ಸುತ್ತಿದ. ಉಳಿದ ಪಾತ್ರೆಗಳೆಲ್ಲ ಒಮ್ಮೆಗೇ ಸುಮ್ಮನಾದವು. ಹಂಡೆಯೊಳಗೆ ಯಾರೋ ಕೆಮ್ಮಿದರು, ಬೀಡಿ ಸೇದುವವರು ಕೆಮ್ಮುವ ಹಾಗೆ.

"ತಿಪ್ಪೇಶೀ. ಹಂಡೆನ ಮ್ಯಾಲೆ ಯಾಕೋ ಹತ್ತಿಸಿದೀಯ?"

ಚಿಕ್ಕಪ್ಪ ಏಣಿಯನ್ನು ಬಳಸದೆ ಕೆಳಗೆ ಬಂದ. ಸೊಪ್ಪಿನ ಗಾಡಿಯವನು ಇವತ್ತು ಗಾಡಿಯ ಮೇಲೆ ಗೋಣಿಚೀಲ ಹಾಸಿ ಅಲ್ಲೇ ಕೆಳಗೆ ನಿಲ್ಲಿಸಿದ್ದರಿಂದ ಏನೂ ಆಗಲಿಲ್ಲ. ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅಪ್ಪ ಮಾತ್ರ ಧೈರ್ಯ ಮಾಡಿ, ಕೆಳಗಿನಿಂದಲೇ ಕೈ ಮುಗಿದು, ಪಾಲಾಕ್ಷನ ಮದುವೆ ಗೊತ್ತಾಯಿತಪ್ಪ ಎಂದ.

"ಕೇಳಿಸ್ತು. ಇಲ್ಲಿ ಎಲ್ಲರಿಗೂ ಕೇಳಿಸ್ತು. ಮೊದ್ಲು ಹಂಡೆ ಇಳಿಸಿ ತಿಕ್ರಿ, ಮಸಿ ನೋಡೋಕಾಗಲ್ಲ."

ಕತ್ತಲಾಗುವ ಮೊದಲೇ ಟವರು ಪೂರ್ತಿ ಬಿಚ್ಚಿದೆವು. ಮರುದಿನ ನಾನೇ ಮನೆಮನೆಗೆ ಹೋಗಿ ಅವರವರ ಪಾತ್ರೆ ಕೊಟ್ಟು ಬಂದೆ. ಅವರೂ ಅಟ್ಟ ಹುಡುಕಿ ನಮ್ಮವನ್ನು ಕೊಟ್ಟರು. ಹೋದದ್ದಕ್ಕಿಂತ ಬಂದದ್ದೇ ಜಾಸ್ತಿ. ನಮ್ಮ ಮನೆಯ ಸಿಗ್ನಲ್ ಮತ್ತೆ ಒಂದು ಕಡ್ಡಿಗೆ ಬಂದು ನಿಂತಿದೆ. ಈಗ ಚಿತ್ರಕಲಾ ಗ್ಯಾರೇಜಿಗೇ ಫೋನ್ ಮಾಡುತ್ತಾಳೆ, ಅವಳು ಮಾತಾಡುವಾಗ ತಗಡು ಬಡಿಯುವುದನ್ನು ನಿಲ್ಲಿಸಿ ಎಂದು ಮೇಸ್ತ್ರಿ ಎಲ್ಲರಿಗೂ ಹೇಳಿದ್ದಾನೆ. ಲಗ್ನಪತ್ರಿಕೆಯಲ್ಲಿ ಅಪ್ಪ ಒಂದು ಸಾಲು ಜಾಸ್ತಿ ಹಾಕಿಸಿದ: ಪಾತ್ರೆ ಕೊಡುವವರು ದಯವಿಟ್ಟು ಹೆಸರು ಕೊರೆಸಬಾರದು.

ಆ ವಾರವೆಲ್ಲ ಅವ್ವ ಅಂಗಳದಲ್ಲಿ ಕೂತು ಹುಣಸೆಹಣ್ಣು ಹಾಕಿ ಹಂಡೆ ತಿಕ್ಕಿದಳು. ಚಿಕ್ಕಪ್ಪ ಪಕ್ಕದಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತು ನೋಡುತ್ತಿದ್ದ. ಹೆದರಿಕೆ ಇನ್ನೂ ಹೋಗಿಲ್ಲ ಪಾಪ ಎಂದು ನಾನು ಹತ್ತಿರ ಹೋಗಿ ಭುಜ ತಟ್ಟಿದೆ. ಅವನು ಹಂಡೆಯಿಂದ ಕಣ್ಣು ತೆಗೆಯದೆ ಹೇಳಿದ:

"ಅಷ್ಟು ದೂರದ ಲೈನು ಕಣಲೇ. ಒಂದ್ಸಲಾನೂ ಕಟ್ಟಾಗಲಿಲ್ಲ ನೋಡು."